ಜೇನು, ಜೋನಿ ಬೆಲ್ಲಕ್ಕೆ ಕಪ್ ಬಿಟ್ಟು ತೂಕದ ಮಷಿನ್: ಎರಡು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಪಾತ್ರೆ ಅಂಗಡಿಯೊಂದರಲ್ಲಿ ತಗೊಂಡ ಸಾದಾ ಡಿಜಿಟಲ್ ಮಷಿನ್ ಇದು. 5 ಕೆಜಿ ತನಕ ತೂಗುತ್ತದೆ, ಒಂದೊಂದು ಗ್ರಾಂ ತೋರಿಸುತ್ತದೆ. ಮನೆಯಲ್ಲೇ ಕೇಕ್ ಆರ್ಡರ್ ತಗೊಳ್ಳುತ್ತೇನೆ, ಹಾಗಾಗಿ ಇದಕ್ಕೆ ಬಿಡುವೇ ಇಲ್ಲ. ಮೈದಾ, ಸಕ್ಕರೆ ಕಪ್‌ನಲ್ಲೂ ಹೇಗೋ ನಡೆದೀತು. ಇದರ ನಿಜವಾದ ಉಪಯೋಗ ಅಂಟು ಪದಾರ್ಥಕ್ಕೆ.

ರೆಸಿಪಿಯಲ್ಲಿ ಅರ್ಧ ಕಪ್ ಜೇನು ಅಂತ ಬರೆದಿರುತ್ತಾರೆ. ಯಾವ ಕಪ್? ಅಮೆರಿಕದ್ದು ಸುಮಾರು 237 ಎಂಎಲ್, ಇಲ್ಲಿ ಸಿಗುವ ಸೆಟ್‌ಗಳಲ್ಲಿ ಕೆಲವು 240, ಕೆಲವು 250. ಅಳೆದು ಬಗ್ಗಿಸಿದರೂ ಒಳಗೆ ಮೆತ್ತಿಕೊಂಡದ್ದು ಬೀಳುವುದಿಲ್ಲ, ಬೆರಳಲ್ಲಿ ಬಳಿಯುತ್ತಾ ಕೂರಬೇಕು. ಜೇನು ನೀರಿಗಿಂತ 1.4 ಪಟ್ಟು ಭಾರ. ಅಮೆರಿಕದ ಒಂದು ಕಪ್‌ಗೆ ಸುಮಾರು 340 ಗ್ರಾಂ, 250 ಎಂಎಲ್ ಕಪ್‌ಗೆ 355, 15 ಎಂಎಲ್ ಚಮಚಕ್ಕೆ 21. ಇಷ್ಟು ಫ್ರಿಜ್ ಬಾಗಿಲ ಮೇಲೆ ಅಂಟಿಸಿಟ್ಟರೆ ಸಾಕು.

ಬೌಲ್ ಬದಲು ಬಾಟಲಿಯನ್ನೇ ಮಷಿನ್ ಮೇಲಿಟ್ಟು ಟೇರ್, ಅಂದರೆ ಇಟ್ಟದ್ದರ ತೂಕವನ್ನು ಸೊನ್ನೆ ಮಾಡುವ ಬಟನ್, ಒತ್ತಿ. ಸೊನ್ನೆ ಬಂದ ಮೇಲೆ ಎತ್ತಿ ಸುರಿದು ವಾಪಸ್ ಇಡಿ. ಮೈನಸ್ 170 ತೋರಿಸಿದರೆ 170 ಗ್ರಾಂ ಬಿತ್ತು ಅಂತ, ಅಂದರೆ ಅಮೆರಿಕದ ಅರ್ಧ ಕಪ್. ಗ್ಯಾಸ್ ಮೇಲಿರುವ ಬಾಣಲೆಗೂ ನೇರ ಸುರಿಯಬಹುದು, ತೊಳೆಯಲು ಕಪ್ಪೂ ಇಲ್ಲ, ಚಮಚವೂ ಇಲ್ಲ.

ಶಿರಸಿ ಕಡೆಯಿಂದ ಬರುವ ಜೋನಿ ಬೆಲ್ಲಕ್ಕೆ (ಪಾಕದಂಥ ದ್ರವ ಬೆಲ್ಲ) ಮಾತ್ರ ಯಾವ ಪಟ್ಟಿಯನ್ನೂ ನಂಬಬೇಡಿ. ಒಂದು ಡಬ್ಬಿ ತೆಳ್ಳಗೆ ಹರಿಯುತ್ತದೆ, ಇನ್ನೊಂದರ ತಳದಲ್ಲಿ ಹರಳು ಕಟ್ಟಿರುತ್ತದೆ. ಮೊದಲು ಖಾಲಿ ಕಪ್ ಇಟ್ಟು ಟೇರ್ ಒತ್ತಿ, ಆಮೇಲೆ ಕಪ್ ತುಂಬ ನೀರು ತೂಗಿ, ಎಷ್ಟು ಗ್ರಾಂ ಬಂತೋ ಆ ಕಪ್ ಅಷ್ಟು ಎಂಎಲ್. ಆಮೇಲೆ ಚೆನ್ನಾಗಿ ಕಲಕಿದ ಬೆಲ್ಲವನ್ನು ಅದೇ ಕಪ್‌ಗೆ ತುಂಬಿ ತೂಗಿ, ಡಬ್ಬಿ ಮೇಲೆ ಪೆನ್ನಲ್ಲಿ ಬರೆದಿಡಿ. ಹೊಸ ಡಬ್ಬಿ ಬಂದರೆ ಮತ್ತೆ ಇದೇ ಕೆಲಸ, ಬೇಜಾರಾದರೂ ಮಾಡಬೇಕು.

ಇನ್ನು ತಕರಾರು. ಮಷಿನ್‌ನಲ್ಲಿ ಎಂಎಲ್ ಅಂತ ಒಂದು ಆಯ್ಕೆ ಇದೆ. ಅದು ಎಲ್ಲವನ್ನೂ ನೀರು ಅಂತಲೇ ತಿಳಿಯುತ್ತದೆ, ಜೇನಿಟ್ಟು 100 ಎಂಎಲ್ ಅಂದರೆ ನಿಜಕ್ಕೂ ಇರುವುದು 70ರಷ್ಟು. ಸುಮ್ನೆ ಅಲಂಕಾರಕ್ಕೆ ಕೊಟ್ಟಿದ್ದಾರೆ ಅನ್ನಿಸುತ್ತದೆ. ತಾನಾಗೇ ಆಫ್ ಆಗುವ ಚಾಳಿ ಅದಕ್ಕಿಂತ ಕೆಟ್ಟದ್ದು. ಚಳಿಗಾಲದಲ್ಲಿ ಜೇನು ಗಟ್ಟಿಯಾಗಿ ಎಳೆ ಎಳೆಯಾಗಿ ಇಳಿಯುತ್ತಿರುತ್ತದೆ, ಅಷ್ಟರಲ್ಲಿ ಮಷಿನ್ ಆಫ್, ಟೇರ್ ಮಾಡಿದ್ದೂ ಹೋಯ್ತು. ಆಗ ಟೇರ್ ಸಹವಾಸವೇ ಬೇಡ, ಬಾಟಲಿಯ ಪೂರ್ತಿ ತೂಕ ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಕಳೆದರೆ ಆಯ್ತು. ಸೋಡಾ, ಯೀಸ್ಟ್ ಥರ ಎರಡು ಮೂರು ಗ್ರಾಂ ಬೇಕಾದಾಗ ಇದನ್ನು ನಂಬುವಂತಿಲ್ಲ, ಚಮಚವೇ ವಾಸಿ.

ತೂಕ ಸರಿ ಇದೆಯಾ ಅಂತ ಅನುಮಾನ ಬಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಡಿ, 515 ಗ್ರಾಂ ಆಸುಪಾಸು ಬರಬೇಕು. ನನ್ನದು ಇವತ್ತಿಗೂ ಅಲ್ಲೇ ನಿಲ್ಲುತ್ತದೆ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಳೆದಿದ್ದು ಆ ಆಫ್ ಆಗುವ ಚಾಳಿಗೆ.