ಡಬ್ಬದ ಮೇಲಿಲ್ಲದ ಹೆಸರು: ಒಂದು ಕ್ಯಾಮೆರಾ, ಒಂದು ಫೋನು, ಒಂಬತ್ತು ವರ್ಷ

ಕೊಪ್ಪಳದಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ನಾನು 2016ರ ಜುಲೈನಲ್ಲಿ ನಿಕಾನ್ ಡಿ750 ಕ್ಯಾಮೆರಾವನ್ನೂ 2019ರ ಬೇಸಿಗೆಯಲ್ಲಿ ರೆಡ್ಮಿ ನೋಟ್ 7 ಪ್ರೊ ಫೋನನ್ನೂ ಕೊಂಡೆ. ಎರಡೂ ಇಂದಿಗೂ ಕೆಲಸದಲ್ಲಿವೆ. ಮದುವೆ, ಜಾತ್ರೆ, ಕಿನ್ನಾಳದ ಗೊಂಬೆಗಳ ಕ್ಯಾಟಲಾಗು ಎಲ್ಲಕ್ಕೂ ಇವನ್ನೇ ಬಳಸುತ್ತಿದ್ದೇನೆ. ಬ್ಯಾಟರಿ, ಪರದೆ, ಹಿಡಿಕೆಗಳ ವಿಮರ್ಶೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಬರೆಯುತ್ತಿರುವುದು ಇವೆರಡರೊಳಗೆ ಕಣ್ಣಿನಂತೆ ಕುಳಿತಿರುವ ಸೆನ್ಸರುಗಳ ಬಗ್ಗೆ. ನಾವು ದುಡ್ಡು ಕೊಡುವುದು ಮುಖ್ಯವಾಗಿ ಅದಕ್ಕೇ ಆದರೂ ಅದನ್ನು ಮಾಡಿದವರ ಹೆಸರು ಡಬ್ಬದ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ.

ಈ ಸಂಗತಿ ನನ್ನ ಗಮನಕ್ಕೆ ಬಂದದ್ದೇ ಒಂದು ಅಡಚಣೆಯಿಂದ. 2016ರಲ್ಲಿ ಹುಬ್ಬಳ್ಳಿಯ ಅಂಗಡಿಗೆ ನಾನು ಕೇಳಿಕೊಂಡು ಹೋಗಿದ್ದು ಬೇರೆಯೇ ಕ್ಯಾಮೆರಾ. "ಜಪಾನ್‌ದಾಗ ಭೂಕಂಪ ಆಗೇತ್ರೀ, ಮಾಲು ಬರವಲ್ದು" ಎಂದರು ಅಂಗಡಿಯವರು. ಸರಕು ಇಲ್ಲದಾಗ ಹೇಳುವ ನೆಪಗಳಲ್ಲಿ ಇದೊಂದು ಹೊಸತು ಎಂದುಕೊಂಡು, ಇದ್ದುದರಲ್ಲಿ ಡಿ750 ತೆಗೆದುಕೊಂಡು ಬಂದೆ. ಆಮೇಲೆ ಓದಿ ತಿಳಿದಾಗ ಅಂಗಡಿಯವರ ಮಾತಿನಲ್ಲಿ ಹುರುಳಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಕುಮಾಮೊಟೊದಲ್ಲಿ ಆದ ಭೂಕಂಪದಿಂದ ಅಲ್ಲಿದ್ದ ಸೋನಿ ಕಂಪನಿಯ ಸೆನ್ಸರ್ ಕಾರ್ಖಾನೆ ನಿಂತುಹೋಗಿತ್ತು. ಅದು ತನ್ನ ಕ್ಯಾಮೆರಾಗಳಿಗಷ್ಟೇ ಅಲ್ಲದೆ ಬೇರೆ ಕಂಪನಿಗಳ ಕ್ಯಾಮೆರಾಗಳಿಗೂ ಸೆನ್ಸರು ಕೊಡುವ ಜಾಗವಾದ್ದರಿಂದ ಒಂದು ಊರು ನಡುಗಿದ್ದಕ್ಕೆ ಹಲವು ಹೆಸರಿನ ಕ್ಯಾಮೆರಾಗಳು ತಡವಾದವು.

ನಿಕಾನ್ ತನ್ನ ಸೆನ್ಸರುಗಳ ವಿನ್ಯಾಸವನ್ನು ತಾನೇ ಮಾಡಿಕೊಳ್ಳುತ್ತದೆ, ಆದರೆ ತಯಾರಿಕೆಯನ್ನು ಬೇರೆಯವರ ಕಾರ್ಖಾನೆಗಳಿಗೆ ಒಪ್ಪಿಸುತ್ತದೆ. ತಮಾಷೆಯೆಂದರೆ, ಚಿಪ್ಪುಗಳ ಮೇಲೆ ಸೂಕ್ಷ್ಮ ನಕ್ಷೆಯನ್ನು ಅಚ್ಚೊತ್ತುವ ಯಂತ್ರಗಳನ್ನು ಮಾಡಿ ಮಾರುವ ಕೆಲವೇ ಕಂಪನಿಗಳಲ್ಲಿ ಅದೂ ಒಂದು. ಕುಲುಮೆ ಮಾಡಿ ಕೊಡುವವನು ಕುಡುಗೋಲನ್ನು ಹೊರಗೆ ಮಾಡಿಸಿದಂತೆ. ಕ್ಯಾನನ್ ಮಾತ್ರ ತನ್ನ ದೊಡ್ಡ ಕ್ಯಾಮೆರಾಗಳಿಗೆ ಬೇಕಾದ ಸೆನ್ಸರನ್ನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತ ಬಂದಿದೆ. ಫೋನುಗಳ ಕಥೆಯೂ ಬೇರೆಯಲ್ಲ. ಆದಾಯದ ಲೆಕ್ಕದಲ್ಲಿ ಜಗತ್ತಿನ ಸೆನ್ಸರ್ ವ್ಯಾಪಾರದ ಸುಮಾರು ಅರ್ಧ ಸೋನಿಯ ಕೈಯಲ್ಲಿದ್ದು, ಅದರ ಹಿಂದೆ ಸ್ಯಾಮ್‌ಸಂಗ್, ಆಮೇಲೆ 2019ರಲ್ಲಿ ಚೀನಾದ ಕಂಪನಿಯೊಂದು ಕೊಂಡುಕೊಂಡ ಓಮ್ನಿವಿಷನ್ ಬರುತ್ತವೆ. ಆ್ಯಪಲ್ ಕೂಡ ಇದಕ್ಕೆ ಹೊರತಲ್ಲ. 2022ರ ಡಿಸೆಂಬರ್‌ನಲ್ಲಿ ಅದರ ಮುಖ್ಯಸ್ಥ ಟಿಮ್ ಕುಕ್ ಕುಮಾಮೊಟೊಗೆ ಹೋಗಿ, ಐಫೋನಿನ ಸೆನ್ಸರುಗಳಿಗಾಗಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಸೋನಿಯ ಜೊತೆ ಕೆಲಸ ಮಾಡುತ್ತಿರುವುದನ್ನು ಬಹಿರಂಗವಾಗಿಯೇ ಹೇಳಿದರು.

ನನ್ನ ಫೋನಿನಲ್ಲಿರುವುದು ಸೋನಿಯ ಐಎಂಎಕ್ಸ್586. ಬೆನ್ನ ಮೇಲೆ 48 ಮೆಗಾಪಿಕ್ಸೆಲ್ ಎಂದು ಬರೆದಿದೆ, ಕ್ಯಾಮೆರಾದ್ದು 24.3. ಸ್ಟುಡಿಯೊಗೆ ಬರುವ ಗಿರಾಕಿಗಳು ಇವೆರಡನ್ನು ಹೋಲಿಸಿ "ಫೋನೇ ಡಬಲ್ ಐತಲ್ರೀ" ಎಂದು ಕೇಳಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಅವರಿಗೆ ನಾನು ಅಳತೆ ಹೇಳುತ್ತೇನೆ. ಡಿ750ರ ಸೆನ್ಸರು 35.9 ಮಿ.ಮೀ. ಅಗಲ, 24 ಮಿ.ಮೀ. ಎತ್ತರ, ಅಂದರೆ ಹಳೆಯ ರೀಲಿನ ಒಂದು ಫ್ರೇಮಿನಷ್ಟು. ಫೋನಿನ ಸೆನ್ಸರು ಮೂಲೆಯಿಂದ ಮೂಲೆಗೆ ಅಳೆದರೂ 8 ಮಿ.ಮೀ., ಹೆಚ್ಚುಕಡಿಮೆ ಒಂದು ತೊಗರಿಕಾಳಿನ ಗಾತ್ರ. ವಿಸ್ತೀರ್ಣದಲ್ಲಿ ಮೊದಲನೆಯದು ಎರಡನೆಯದರ ಇಪ್ಪತ್ತೆಂಟು ಪಟ್ಟಿದೆ. ಆ ತೊಗರಿಕಾಳಿನಲ್ಲಿ ಬೆಳಕು ಹಿಡಿಯುವ 4.8 ಕೋಟಿ ಮನೆಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಕೂಡಿಸಿರುವುದರಿಂದ ಒಂದೊಂದು ಮನೆಯ ಅಗಲ 0.8 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಮಾತ್ರ; ಕ್ಯಾಮೆರಾದಲ್ಲಿ ಅದು ಸುಮಾರು 6 ಮೈಕ್ರಾನ್. ಮಳೆಯಲ್ಲಿ ಚೊಂಬುಗಳನ್ನೂ ಕೊಡಗಳನ್ನೂ ಹರವಿಟ್ಟರೆ ಚೊಂಬುಗಳ ಎಣಿಕೆ ಹೆಚ್ಚಿದ್ದೀತು, ನೀರು ಹೆಚ್ಚು ಸಿಗುವುದು ಕೊಡಗಳಿಂದಲೇ. ಫೋನಿಗೂ ಇದು ಗೊತ್ತಿದೆ. ಅದಕ್ಕೇ ಅದು ಪಕ್ಕಪಕ್ಕದ ನಾಲ್ಕು ಮನೆಗಳನ್ನು ಒಂದಾಗಿಸಿ ಸಾಮಾನ್ಯವಾಗಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ. ಪೂರ್ಣ 48ರಲ್ಲಿ ನಾನು ತೆಗೆದದ್ದು ಮೊದಲ ತಿಂಗಳು ಮಾತ್ರ.

ಇದೇ ಸೆನ್ಸರು ಆ ವರ್ಷ ಒನ್‌ಪ್ಲಸ್ 7ರಲ್ಲೂ ಇತ್ತು. ನನ್ನ ಫೋನಿನ ಆರಂಭದ ಬೆಲೆ 13,999 ರೂಪಾಯಿ, ಅದರದ್ದು 32,999. ನನ್ನ ತಂಗಿಯ ಮನೆಯವರು ಅದನ್ನು ಕೊಂಡಿದ್ದರಿಂದ ಎರಡನ್ನೂ ಒಂದೇ ಕಡೆ ನಿಲ್ಲಿಸಿ ತೆಗೆಯುವ ಅವಕಾಶ ಸಿಕ್ಕಿತು. ಹಗಲಿನಲ್ಲಿ ಯಾವುದು ಯಾವುದರದ್ದೆಂದು ನನಗೇ ಹೇಳಲಾಗಲಿಲ್ಲ. ಸಂಜೆಯ ನಂತರ ಅವರ ಚಿತ್ರಗಳು ಸ್ಪಷ್ಟವಾಗಿದ್ದವು, ಏಕೆಂದರೆ ಅವರ ಫೋನಿನಲ್ಲಿ ಕೈಯ ನಡುಕಕ್ಕೆ ಎದುರಾಗಿ ಲೆನ್ಸನ್ನು ಅಲುಗಿಸುವ ವ್ಯವಸ್ಥೆ ಇತ್ತು, ನನ್ನದರಲ್ಲಿ ಇರಲಿಲ್ಲ. ಸೆನ್ಸರಿನ ಸುತ್ತ ಏನು ಕಟ್ಟಿದ್ದಾರೆ ಎಂಬುದಕ್ಕೇ ಹೆಚ್ಚಿನ ಬೆಲೆಯ ಒಂದು ಪಾಲು ಹೋಗುತ್ತದೆ. ಗೂಗಲ್ ಕಂಪನಿ 2018ರ ಪಿಕ್ಸೆಲ್ 3ರಿಂದ 2020ರ ಪಿಕ್ಸೆಲ್ 5ರವರೆಗೆ ಮುಖ್ಯ ಕ್ಯಾಮೆರಾಕ್ಕೆ ಐಎಂಎಕ್ಸ್363 ಎಂಬ ಒಂದೇ ಸೆನ್ಸರನ್ನು ಹಾಕಿ, ಬರೀ ತಂತ್ರಾಂಶದ ಬಲದಿಂದ ಹೆಸರು ಮಾಡಿದ್ದನ್ನೂ ಇಲ್ಲಿ ನೆನೆಯಬೇಕು. ಇದಕ್ಕೆ ವಿರುದ್ಧವಾಗಿ, ಅಗ್ಗದ ಫೋನುಗಳ ಬೆನ್ನಿಗೆ ಅಂಟಿಸುವ 2 ಮೆಗಾಪಿಕ್ಸೆಲ್‌ನ ಮೂರನೆಯ, ನಾಲ್ಕನೆಯ ಕಣ್ಣುಗಳು ಎಣಿಕೆ ತುಂಬಿಸಲು ಬಂದವೆಂಬುದು ನನ್ನ ಖಚಿತ ಅಭಿಪ್ರಾಯ.

ಸೆನ್ಸರಿನ ಗುಣವನ್ನು ನನಗೆ ನಿಜವಾಗಿ ಕಲಿಸಿದ್ದು ಕಿನ್ನಾಳದ ಗರುಡ. ಹಗುರ ಮರದಲ್ಲಿ ಕೆತ್ತಿ, ಹುಣಸೆಬೀಜದ ಅಂಟಿನ ಲೇಪ ಕೊಟ್ಟು, ಮೇಲೆ ಬಣ್ಣ ಹಚ್ಚುವ ಆ ಗೊಂಬೆಯ ಕೆಂಪು ನೋಡುವವರ ಕಣ್ಣಿಗೆ ಒಂದೇ ಬಣ್ಣವಾಗಿ ಕಂಡರೂ ರೆಕ್ಕೆಯ ಮಡಿಕೆಗಳಲ್ಲಿ ಕುಂಚ ಹೋದ ಗೆರೆಗಳಿರುತ್ತವೆ, ಅಂಚಿನಲ್ಲಿ ತುಸು ಕಂದು ಇರುತ್ತದೆ. ಕ್ಯಾಟಲಾಗಿಗೆಂದು ಫೋನಿನಲ್ಲಿ ತೆಗೆದು ತೋರಿಸಿದಾಗ ಕಲಾವಿದರು ಬಹಳ ಹೊತ್ತು ನೋಡಿ, "ಇದು ನನ್ನ ಕೆಂಪಲ್ಲ ಬಿಡ್ರೀ, ಪ್ಲಾಸ್ಟಿಕ್ ಕೊಡದ ಕೆಂಪು" ಎಂದರು. ಅವರ ಮಾತು ನಿಜವಾಗಿತ್ತು. ಸೆನ್ಸರಿಗೆ ತಾನಾಗಿ ಬಣ್ಣ ತಿಳಿಯುವುದಿಲ್ಲ, ಬೆಳಕು ಎಷ್ಟೆಂಬುದು ಮಾತ್ರ ತಿಳಿಯುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಎಂಬವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಉಪಾಯದಂತೆ ಪ್ರತಿ ನಾಲ್ಕು ಮನೆಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಗಾಜು ಹೊದಿಸಿ, ಉಳಿದದ್ದನ್ನು ಲೆಕ್ಕದಿಂದ ತುಂಬುತ್ತಾರೆ. ಹೀಗಾಗಿ ಕೆಂಪು ಗೊಂಬೆಯ ಮುಂದೆ ದುಡಿಯುವುದು ಬಹುಪಾಲು ಕಾಲುಭಾಗದ ಮನೆಗಳೇ. ಮನೆಗಳು ಚಿಕ್ಕವಾದಷ್ಟೂ ಬೇಗ ತುಂಬಿ ಚೆಲ್ಲುತ್ತವೆ, ತುಂಬಿದ ಮೇಲೆ ಮಡಿಕೆಗೂ ಬಯಲಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅದರ ಮೇಲೆ ಫೋನು ತನ್ನ ಅಭಿರುಚಿಯಂತೆ ಬಣ್ಣವನ್ನು ಇನ್ನಷ್ಟು ಏರಿಸಿರುತ್ತದೆ. ಡಿ750ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರು ಎಷ್ಟು ಸ್ಪಂದಿಸಬೇಕೆಂಬ ಅಳತೆ) 100 ಇಟ್ಟು, ಒಂದು ಹೆಜ್ಜೆ ಕತ್ತಲಾಗಿಯೇ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆದು, ಆಮೇಲೆ ನೆರಳನ್ನು ಎತ್ತಿದಾಗ ಕುಂಚದ ಗೆರೆಗಳು ಮರಳಿ ಬಂದವು. ಫೋನಿನಲ್ಲೂ ಬೆಳಕನ್ನು ಇಳಿಸಿ ತೆಗೆದರೆ ಅರ್ಧದಷ್ಟು ಸುಧಾರಿಸುತ್ತದೆ.

ಗವಿಸಿದ್ಧೇಶ್ವರ ಜಾತ್ರೆಯದು ಇನ್ನೊಂದು ಪರೀಕ್ಷೆ. ಬನದ ಹುಣ್ಣಿಮೆ ಕಳೆದ ಮೇಲೆ ಸಂಜೆಗೆ ತೇರು ಹೊರಡುವಾಗ ಬೆಳಕು ಇಳಿಯುತ್ತಿರುತ್ತದೆ, ಜನ ಉತ್ತತ್ತಿ ಎಸೆಯುತ್ತಿರುತ್ತಾರೆ. ಐಎಸ್‌ಒ 3200ರಲ್ಲಿ, ಸೆಕೆಂಡಿನ ಐನೂರನೇ ಒಂದು ಭಾಗದ ಶಟರಿನಲ್ಲಿ ಕ್ಯಾಮೆರಾ ಆ ಉತ್ತತ್ತಿಗಳನ್ನು ಗಾಳಿಯಲ್ಲಿ ಒಂದೊಂದಾಗಿ ನಿಲ್ಲಿಸಿ ತೋರಿಸಿತು, ಸುಕ್ಕು ಕೂಡ ಕಾಣುವಂತೆ. ಫೋನಿನಲ್ಲಿ ಅವು ಕಂದು ಗೀರುಗಳಾದವು. ರಾತ್ರಿಯ ಮೋಡ್‌ನಲ್ಲಿ ಫೋನು ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುವುದರಿಂದ ನಡೆಯುವವರು ಎರಡೆರಡು ತಲೆ ಹೊತ್ತು ನಿಂತರು. ಆದರೆ ದೀಪ ಹಚ್ಚಿದ ಗವಿಮಠದ ಗುಡ್ಡದ ಚಿತ್ರ ಮಾತ್ರ, ಟ್ರೈಪಾಡ್ ಇಲ್ಲದೆ ಕೈಯಲ್ಲಿ ಹಿಡಿದು ತೆಗೆದಾಗ, ಫೋನಿನದೇ ಚೆನ್ನಾಗಿ ಬಂತು. ಮನೆಯವರು ಗೋಡೆಗೆ ಹಾಕಿಸಿದ್ದೂ ಅದನ್ನೇ.

ಧೂಳಿನ ವಿಷಯಕ್ಕೆ ಬರುತ್ತೇನೆ, ನಮ್ಮ ಭಾಗದವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಎರೆಹೊಲದ ಮಣ್ಣು, ಕಲ್ಲು ಕ್ವಾರಿಯ ಪುಡಿ, ಗಿಣಿಗೇರಾ ಕಡೆಯ ಕಪ್ಪು ಬೂದಿ ಎಲ್ಲವೂ ಲೆನ್ಸು ಬದಲಿಸುವ ಆ ಹತ್ತು ಸೆಕೆಂಡುಗಳಿಗಾಗಿ ಕಾಯುತ್ತಿರುತ್ತವೆ. ಇಟಗಿಯ ಮಹಾದೇವ ದೇವಾಲಯದ ಶಿಖರವನ್ನು ಎಫ್16ರಲ್ಲಿ, ಅಂದರೆ ಲೆನ್ಸಿನ ಕಿಂಡಿಯನ್ನು ಬಹಳ ಕಿರಿದು ಮಾಡಿ, ತೆಗೆದು ಕಂಪ್ಯೂಟರಿಗೆ ಹಾಕಿದಾಗ ನೀಲಿ ಆಕಾಶದಲ್ಲಿ ಏಳು ಕಪ್ಪು ಚುಕ್ಕೆಗಳಿದ್ದವು. ನಾನು ಮಾಡಿದ ಮೊದಲ ತಪ್ಪು, ಬಾಯಿಂದ ಉಫ್ ಎಂದು ಊದಿದ್ದು; ಚುಕ್ಕೆಗಳು ಏಳರಿಂದ ಎಂಟಾದವು, ಎಂಟನೆಯದು ಎಂಜಲಿನದು. ಎರಡನೆಯ ತಪ್ಪು, ಮದುವೆ ಸೀಸನ್ನಿನಲ್ಲಿ ದೊಡ್ಡ ಊರಿನ ದುರಸ್ತಿ ಕೇಂದ್ರವೊಂದಕ್ಕೆ ಕಳಿಸಿದ್ದು. ಮೂರು ವಾರ ಇಟ್ಟುಕೊಂಡು, ಹಣ ಪಡೆದು, ಒಂದು ಹೊಸ ನೂಲಿನೆಳೆಯೊಂದಿಗೆ ಹಿಂದಿರುಗಿಸಿದರು. ಅಂದಿನಿಂದ ನಾನೇ ಮಾಡಿಕೊಳ್ಳುತ್ತೇನೆ. ಬ್ಯಾಟರಿ ಪೂರ್ತಿ ತುಂಬಿಸಿ, ಮೆನುವಿನಿಂದ ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಿ, ಕ್ಯಾಮೆರಾದ ಬಾಯಿಯನ್ನು ಕೆಳಮುಖ ಮಾಡಿ ರಬ್ಬರ್ ಬ್ಲೋವರಿನಿಂದ ಊದಬೇಕು. ಅದಕ್ಕೂ ಹೋಗದಿದ್ದರೆ 24 ಮಿ.ಮೀ. ಅಗಲದ ಸ್ವಾಬಿಗೆ ಎರಡು ಹನಿ ದ್ರವ ಹಾಕಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಸಲ ಎಳೆದು, ಆ ಸ್ವಾಬನ್ನು ಎಸೆದುಬಿಡಬೇಕು. ನಾವು ಒರೆಸುವುದು ಸೆನ್ಸರನ್ನಲ್ಲ, ಅದರ ಮುಂದಿನ ಗಾಜಿನ ಫಿಲ್ಟರನ್ನು. ಇದು ತಿಳಿದ ಮೇಲೆ ಕೈ ನಡುಗುವುದು ಕಡಿಮೆಯಾಯಿತು.

ಧೂಳು ತೊಳೆದರೆ ಹೋಗುತ್ತದೆ, ಲೇಸರ್ ಹಾಗಲ್ಲ. ಗಂಗಾವತಿಯ ಒಂದು ಮದುವೆಯಲ್ಲಿ ಡಿಜೆಯವರ ಹಸಿರು ಲೇಸರು ನನ್ನ ಜೊತೆಗಾರರೊಬ್ಬರ ವೀಡಿಯೊ ಕ್ಯಾಮೆರಾದ ಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಬಿತ್ತು. ಅಂದಿನಿಂದ ಅವರ ಪ್ರತಿ ಚಿತ್ರದಲ್ಲೂ ಎಡದಿಂದ ಬಲಕ್ಕೆ ಒಂದು ನೇರಳೆ ಗೆರೆ. ವಾರಂಟಿಗೆ ಅದು ಬರುವುದಿಲ್ಲ, ಸೆನ್ಸರನ್ನು ಇಡೀ ಬೋರ್ಡಿನೊಂದಿಗೆ ಬದಲಿಸಬೇಕು ಎಂಬ ಉತ್ತರ ಬಂತು; ಹೇಳಿದ ಖರ್ಚು ಕ್ಯಾಮೆರಾದ ಅರ್ಧ ಬೆಲೆಗೆ ಸಮೀಪವಿತ್ತು. ಈಗ ನಾನು ಮದುವೆಯ ಮುಂಗಡ ಪಡೆಯುವಾಗಲೇ ಲೇಸರ್ ಇದೆಯೇ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಲೇಸರು ತಲೆಯ ಮಟ್ಟಕ್ಕೆ ಇಳಿದರೆ ಲೆನ್ಸಿಗೆ ಮುಚ್ಚಳ ಹಾಕುತ್ತೇನೆ, ಗಿರಾಕಿಗಳು ಸಿಟ್ಟಾದರೂ ಸರಿ.

ಹೊಸದಕ್ಕೆ ಹೋಗಬೇಕೇ ಎಂಬ ಪ್ರಶ್ನೆಗೆ ವ್ಯಾಪಾರದ ದಿಕ್ಕನ್ನೂ ನೋಡಬೇಕು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಹೊರಬಿದ್ದಿದ್ದರೆ, 2020ರಲ್ಲಿ ಆ ಸಂಖ್ಯೆ 90 ಲಕ್ಷಕ್ಕಿಂತ ಕೆಳಗಿತ್ತು. ಸೆನ್ಸರು ಮಾಡುವವರಿಗೆ ಹಣ ಬರುವುದು ಫೋನಿನಿಂದಾದ್ದರಿಂದ ಹೊಸ ವಿದ್ಯೆಯೂ ಚಿಕ್ಕ ಸೆನ್ಸರಿಗೇ ಮೊದಲು ಬರುತ್ತದೆ. ತಂತಿಗಳನ್ನು ಹಿಂದಕ್ಕೆ ಸರಿಸಿ ಬೆಳಕಿಗೆ ದಾರಿ ಬಿಡುವ ರಚನೆಯನ್ನು ಸೋನಿ 2009ರಲ್ಲೇ ಸಣ್ಣ ಸೆನ್ಸರುಗಳಲ್ಲಿ ಮಾರುಕಟ್ಟೆಗೆ ತಂದಿತು, ರೀಲಿನ ಫ್ರೇಮಿನಷ್ಟು ದೊಡ್ಡ ಸೆನ್ಸರಿಗೆ ಅದು ಬಂದದ್ದು 2015ರಲ್ಲಿ. ನನ್ನ ಡಿ750ರಲ್ಲಿ ಅದು ಇಲ್ಲ, ಫೋನಿನಲ್ಲಿದೆ.

ಕಳೆದ ತಿಂಗಳು ಹಳೆಯ ಕ್ಯಾಮೆರಾ ಕೊಳ್ಳುವವರೊಬ್ಬರು ಡಿ750ನ್ನು ತಿರುಗಿಸಿ ನೋಡಿ, "ಈಗ ಎಲ್ಲಾರೂ ಮಿರರ್‌ಲೆಸ್ ಕೇಳ್ತಾರ್ರೀ" ಎಂದು, ಅಂದರೆ ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ ಕೇಳುತ್ತಾರೆಂದು, ಬಹಳ ಕಡಿಮೆ ಬೆಲೆ ಹೇಳಿದರು. ಮನೆಗೆ ಬಂದು ಅದೇ ಗರುಡನನ್ನು ಅದೇ ಲೆನ್ಸಿನಲ್ಲಿ, ಅದೇ ದೀಪದ ಕೆಳಗೆ ಮತ್ತೆ ತೆಗೆದು ಕೊಂಡ ವರ್ಷದ ಚಿತ್ರದ ಪಕ್ಕಕ್ಕಿಟ್ಟೆ. ಗೊಂಬೆಯ ಮೂಗಿನ ಬಣ್ಣ ಸ್ವಲ್ಪ ಚಕ್ಕೆಯೆದ್ದಿದೆ, ಚಿತ್ರಗಳಲ್ಲಿ ಬೇರೆ ವ್ಯತ್ಯಾಸ ಕಾಣಲಿಲ್ಲ. ಶಟರಿಗೆ ಕಂಪನಿ ಹೇಳಿದ್ದು ಒಂದೂವರೆ ಲಕ್ಷ ಹೊಡೆತ, ನನ್ನದು 1,86,000 ದಾಟಿದೆ. ಅದು ನಿಂತ ದಿನ ಹೊಸ ಶಟರು ಹಾಕಿಸುತ್ತೇನೆ. ಅದಕ್ಕೆ ಬೇಕಾಗುವ ಹಣವನ್ನು ಈ ಸೀಸನ್ನಿನ ಮೊದಲ ಮದುವೆಯ ಮುಂಗಡದಿಂದಲೇ ತೆಗೆದಿಟ್ಟಿದ್ದೇನೆ.