ಪರದೆಯ ಮೇಲಿನ ಬೆಲೆ, ಕೈಗೆ ಬಂದ ಹಣ: ಆಲ್ಟ್‌ಕಾಯಿನ್ ಆ್ಯಪ್ ಒಂದರ ವಿಮರ್ಶೆ

2021ರ ದೀಪಾವಳಿಯ ಹೊತ್ತಿಗೆ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕ್ರಿಪ್ಟೊ ಎಂಬ ಡಿಜಿಟಲ್ ನಾಣ್ಯಗಳದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಟಿ-20 ವಿಶ್ವಕಪ್ ಪಂದ್ಯಗಳ ನಡುನಡುವೆ ಅದರದೇ ಜಾಹೀರಾತು ಬರುತ್ತಿದ್ದ ಕಾಲವದು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಹಬ್ಬಕ್ಕೆಂದು ಬಂದವನು, ಊಟ ಮುಗಿಸಿ ಎಲೆ ಎತ್ತುವ ಮೊದಲೇ, "ಮಾವ, ಬಿಟ್‌ಕಾಯಿನ್ ಒಂದಕ್ಕೆ ಐವತ್ತು ಲಕ್ಷ ಇದೆ, ಅದು ನಮಗೆ ಎಟುಕುವುದಲ್ಲ. ಹತ್ತಿಪ್ಪತ್ತು ರೂಪಾಯಿಯ ಕಾಯಿನ್ ತೆಗೆದುಕೊಳ್ಳಿ, ಅದು ನೂರಾಗುವುದು ಸುಲಭ" ಎಂದ. ಫೋರ್ಟ್‌ನ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕಪತ್ರ ಬರೆಯುತ್ತಿರುವ ನನಗೆ ಆ ಮಾತಿನ ದೋಷ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಿಟ್‌ಕಾಯಿನ್ ಹೊರತಾದ ಇಂಥ ಕ್ರಿಪ್ಟೊ ನಾಣ್ಯಗಳಿಗೆ ಆಲ್ಟ್‌ಕಾಯಿನ್ ಎನ್ನುತ್ತಾರೆ; ಅವನ್ನು ಕೊಂಡು ಮಾರಲು ಅವನು ಹೇಳಿದ ಆ್ಯಪ್ ಅನ್ನು ಅಂದೇ ರಾತ್ರಿ ಇಳಿಸಿಕೊಂಡೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಬೇಕಾಗಿರುವುದರಲ್ಲಿ ಹೆಚ್ಚಿನ ಪಾಲು ಇಂಥ ಆ್ಯಪ್‌ಗಳ ವ್ಯವಸ್ಥೆಗೇ ಸಂಬಂಧಿಸಿದ್ದು.

ಮೊದಲು ಆ ದೋಷದ ವಿಷಯ. ಬಿಟ್‌ಕಾಯಿನ್ ಅನ್ನು ಇಡಿಯಾಗಿಯೇ ಕೊಳ್ಳಬೇಕೆಂದಿಲ್ಲ, ನೂರು ರೂಪಾಯಿಯಷ್ಟನ್ನೂ ಕೊಳ್ಳಬಹುದು. ಒಂದು ಬಿಡಿ ನಾಣ್ಯದ ಬೆಲೆ ಕಡಿಮೆ ಇದೆ ಎಂದ ಮಾತ್ರಕ್ಕೆ ಅದು ಅಗ್ಗವೂ ಆಗುವುದಿಲ್ಲ. ಒಟ್ಟು ಎಷ್ಟು ನಾಣ್ಯಗಳಿವೆ ಎಂಬುದನ್ನು ನೋಡಬೇಕು. ಬಿಟ್‌ಕಾಯಿನ್‌ನ ಗರಿಷ್ಠ ಸಂಖ್ಯೆ 2.1 ಕೋಟಿ. ಶಿಬಾ ಇನು ಎಂಬ ನಾಯಿ ತಳಿಯ ಹೆಸರಿನ ಟೋಕನ್ (ಇದೂ ಒಂದು ಕ್ರಿಪ್ಟೊ ನಾಣ್ಯವೇ) ಚಲಾವಣೆಯಲ್ಲಿರುವುದು ಸುಮಾರು 589 ಲಕ್ಷ ಕೋಟಿ. "ಒಂದು ರೂಪಾಯಿ ಆಗಲಿ ಸಾಕು" ಎಂದು ಅದನ್ನು ಕಟ್ಟಿಕೊಂಡು ಕೂತವರು ಲೋಕಲ್‌ನ ನಮ್ಮ ಡಬ್ಬಿಯಲ್ಲೇ ಇಬ್ಬರಿದ್ದರು. ಅದು ಒಂದು ರೂಪಾಯಿ ಆಗಬೇಕಾದರೆ ಅದರ ಒಟ್ಟು ಮೌಲ್ಯ 589 ಲಕ್ಷ ಕೋಟಿ ರೂಪಾಯಿ, ಅಂದರೆ ಭಾರತದ ಇಡೀ ವರ್ಷದ ಜಿಡಿಪಿಗಿಂತ ಎಷ್ಟೋ ಹೆಚ್ಚು ಆಗಬೇಕು. ಗುಣಾಕಾರ ಒಂದನ್ನು ಮಾಡಿದ್ದರೆ ತಿಳಿಯುತ್ತಿತ್ತು.

ಇನ್ನು ಆ್ಯಪ್. ಕೊಳ್ಳುವ ತನಕ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಪ್ಯಾನ್, ಆಧಾರ್, ಒಂದು ಸೆಲ್ಫಿ. ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಹಾಕಿ ಹೆಸರು ತಾಳೆ ನೋಡಿದರು. ಅರ್ಧ ಗಂಟೆಯಲ್ಲಿ ಖಾತೆ ತಯಾರಾಯಿತು. ನನ್ನ ಬ್ಯಾಂಕಿನಲ್ಲಿ ಹೆಂಡತಿಯ ಹೆಸರನ್ನು ಖಾತೆಗೆ ಸೇರಿಸಲು ಇದರ ಹತ್ತರಷ್ಟು ಹೊತ್ತು ಹಿಡಿದಿತ್ತು. ಹಣ ಹಾಕುವ ದಾರಿ ಮಾತ್ರ ಆಗಾಗ ಬದಲಾಗುತ್ತಿತ್ತು: ಒಂದು ತಿಂಗಳು ಯುಪಿಐ, ಮರುತಿಂಗಳು ಅದು ಬಂದ್, ಆಮೇಲೆ ಐಎಂಪಿಎಸ್ ಮಾತ್ರ. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದುಪಡಿಸಿದ್ದರೂ ಬ್ಯಾಂಕುಗಳ ಹಿಂಜರಿಕೆ ಹೋಗಿರಲಿಲ್ಲ. ನವೆಂಬರ್ 2021ರಿಂದ ಎರಡು ತಿಂಗಳ ಅವಧಿಯಲ್ಲಿ ನಾನು ಕಂತುಕಂತಾಗಿ 1,80,000 ರೂಪಾಯಿ ಹಾಕಿದೆ. ಅದರಲ್ಲಿ 60,000ಕ್ಕೆ ಬಿಟ್‌ಕಾಯಿನ್ ಬಿಟ್ಟರೆ ಅತಿ ದೊಡ್ಡ ಕ್ರಿಪ್ಟೊ ಆದ ಈಥರ್, ಉಳಿದದ್ದಕ್ಕೆ ನಾಲ್ಕು ಸಣ್ಣ ಕಾಯಿನ್‌ಗಳು. ಅವುಗಳಲ್ಲೂ ದೊಡ್ಡ ಪಾಲು, ಅಂದರೆ 70,000, ಒಂದು ಆನ್‌ಲೈನ್ ಆಟದ ಟೋಕನ್‌ಗೆ. ಮಾರುಕಟ್ಟೆ ಅಲ್ಲಿಯವರೆಗೆ ಕಂಡ ಅತಿ ಎತ್ತರದ ವಾರವೂ ಅದೇ ನವೆಂಬರ್‌ನಲ್ಲಿತ್ತೆಂಬುದು ಆಮೇಲೆ ತಿಳಿದ ವಿಷಯ.

ಆ ಆಟದ ಟೋಕನ್ ಅನ್ನು ಮಾರಿದ ದಿನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಆ್ಯಪ್‌ನ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಅಲ್ಲಿದೆ. ತಲಾ 20 ರೂಪಾಯಿಯಂತೆ ಕೊಂಡ 3,500 ಟೋಕನ್ ನನ್ನ ಬಳಿ ಇದ್ದವು. 2024ರ ಆರಂಭದಲ್ಲಿ ಒಂದು ಸಂಜೆ ಪರದೆಯ ಮೇಲೆ ಬೆಲೆ 2.95, ನನ್ನ ಪಾಲಿನ ಮೌಲ್ಯ 10,325 ಎಂದು ತೋರಿಸುತ್ತಿತ್ತು. ಇದ್ದಷ್ಟನ್ನು ಒಂದೇ ಸಲಕ್ಕೆ ಮಾರಲು ಒತ್ತಿದೆ. 2.95 ಎಂಬುದು ಯಾರೋ ಸ್ವಲ್ಪ ಹೊತ್ತಿನ ಮುಂಚೆ ಕೊಂಡ ಕೊನೆಯ ವ್ಯವಹಾರದ ಬೆಲೆ, ಆ ಕ್ಷಣದಲ್ಲಿ ಆ ಬೆಲೆಗೆ ಕೊಳ್ಳಲು ನಿಂತವರು ಒಬ್ಬರೂ ಇರಲಿಲ್ಲ. ಯಾರು ಯಾವ ಬೆಲೆಗೆ ಎಷ್ಟು ಕೊಳ್ಳಲು, ಮಾರಲು ನಿಂತಿದ್ದಾರೆ ಎಂಬ ಪಟ್ಟಿಯಾದ ಆರ್ಡರ್ ಬುಕ್‌ನಲ್ಲಿ ಇದ್ದದ್ದು 2.80ಕ್ಕೆ 400 ಟೋಕನ್ ಕೇಳುವವರು, 2.71ಕ್ಕೆ 650, 2.60ಕ್ಕೆ 1,100, ಆಮೇಲೆ ಒಮ್ಮೆಗೇ 2.42. ನನ್ನ 3,500 ಟೋಕನ್ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಕೊನೆಗೆ ಕೂಡಿಸಿದರೆ ಸುಮಾರು 9,000 ರೂಪಾಯಿ ಬಂತು. ಮಾರಾಟ ಮುಗಿದ ಮೇಲೆ ಆ್ಯಪ್ ಬೆಲೆಯನ್ನು 2.42 ಎಂದು ಕೆಂಪಕ್ಷರದಲ್ಲಿ ತೋರಿಸಿತು; ಆ ಕುಸಿತಕ್ಕೆ ನಾನೇ ಕಾರಣನಾಗಿದ್ದೆ. ಅದೇ ಹೊತ್ತಿಗೆ ವಿದೇಶಿ ಮಾರುಕಟ್ಟೆಗಳಲ್ಲಿ ಅದರ ಬೆಲೆ ರೂಪಾಯಿ ಲೆಕ್ಕದಲ್ಲಿ 2.90ರ ಹತ್ತಿರವೇ ಇತ್ತು.

ಬೆಲೆಯ ಮಿತಿ ಹಾಕಿ, ತುಂಡು ತುಂಡಾಗಿ ಮಾರಬೇಕಿತ್ತು ಎಂದು ಅನುಭವಸ್ಥರು ಹೇಳುತ್ತಾರೆ. ನಿಜ, ಆ ಸೌಲಭ್ಯ ಆ್ಯಪ್‌ನಲ್ಲಿದೆ. ಆದರೆ ಆರ್ಡರ್ ಬುಕ್ ಅನ್ನು ಮೂರನೆಯ ಪುಟದ ಒಳಗೆ, "ಅಡ್ವಾನ್ಸ್‌ಡ್" ಎಂಬ ಗುಂಡಿಯ ಹಿಂದೆ ಇಟ್ಟು, ಮುಖಪುಟದಲ್ಲಿ ಕೊನೆಯ ಬೆಲೆಯನ್ನು ಟೋಕನ್‌ಗಳ ಸಂಖ್ಯೆಯಿಂದ ಗುಣಿಸಿದ ಈ ಕಾಲ್ಪನಿಕ ಮೊತ್ತವನ್ನು ದೊಡ್ಡಕ್ಷರದಲ್ಲಿ "ನಿಮ್ಮ ಸಂಪತ್ತು" ಎಂದು ತೋರಿಸುವುದನ್ನು ಪ್ರಾಮಾಣಿಕ ಲೆಕ್ಕ ಎನ್ನಲಾಗದು. ಬಿಟ್‌ಕಾಯಿನ್ ಅಥವಾ ಈಥರ್‌ನಲ್ಲಿ ಈ ಅಂತರ ಬೆಲೆಗೆ ಹೋಲಿಸಿದರೆ ತೀರ ಸಣ್ಣದು. ಸಣ್ಣ ಕಾಯಿನ್‌ಗಳಲ್ಲಿ, ಅದೂ 2022ರ ಜುಲೈ 1ರಿಂದ ಮಾರಾಟದ ಮೇಲೆ ಶೇ. 1ರ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಬಂದು ದಿನನಿತ್ಯ ವ್ಯಾಪಾರ ಮಾಡುತ್ತಿದ್ದವರಲ್ಲಿ ಬಹಳ ಮಂದಿ ಹೊರದೇಶದ ವೇದಿಕೆಗಳಿಗೆ ಹೋದ ಮೇಲೆ, ರೂಪಾಯಿಯ ಆರ್ಡರ್ ಬುಕ್‌ಗಳು ಬೇಸಿಗೆಯ ಕೆರೆಯ ಹಾಗೆ ಬತ್ತಿಹೋಗಿವೆ.

ಆಟದ ಟೋಕನ್ 20ರಿಂದ 3 ರೂಪಾಯಿಗೆ ಬಂದದ್ದೇಕೆ? ಮಾರುಕಟ್ಟೆ ಇಳಿದದ್ದು ಒಂದು ಕಾರಣ. ಇನ್ನೊಂದು ಕಾರಣ ಕೊಳ್ಳುವಾಗಲೇ ನನ್ನ ಕಣ್ಣ ಮುಂದಿತ್ತು: ಒಟ್ಟು ಟೋಕನ್‌ಗಳಲ್ಲಿ ಐದನೇ ಒಂದು ಪಾಲು ಮಾತ್ರ ಚಲಾವಣೆಯಲ್ಲಿತ್ತು, ಉಳಿದವು ಸ್ಥಾಪಕರ ಮತ್ತು ಮೊದಲ ಹೂಡಿಕೆದಾರರ ಹೆಸರಿನಲ್ಲಿ ಬೀಗ ಹಾಕಿಕೊಂಡಿದ್ದು, ವೇಳಾಪಟ್ಟಿಯ ಪ್ರಕಾರ ತಿಂಗಳಿಗಿಷ್ಟರಂತೆ ಬಿಡುಗಡೆಯಾಗಬೇಕಿದ್ದವು. ನಮ್ಮ ಬೆಲೆಯ ಹತ್ತನೇ ಒಂದು ಭಾಗಕ್ಕೋ ಇಪ್ಪತ್ತನೇ ಒಂದು ಭಾಗಕ್ಕೋ ಪಡೆದವರು ಪ್ರತಿ ತಿಂಗಳೂ ಮಾರುತ್ತಿದ್ದರೆ, ಎದುರಿಗೆ ಅಷ್ಟೇ ಹೊಸ ಕೊಳ್ಳುವವರು ಬಾರದಿದ್ದರೆ, ಬೆಲೆ ನಿಲ್ಲುವುದು ಹೇಗೆ? ಷೇರು ಕೊಳ್ಳುವ ಮುಂಚೆ ಪ್ರವರ್ತಕರ ಪಾಲು ಎಷ್ಟೆಂದು ನೋಡುವ ನಾನು ಇಲ್ಲಿ ಅದನ್ನು ನೋಡದೇ ಹೋದೆ. ಆ್ಯಪ್‌ನಲ್ಲಿ ಈ ವೇಳಾಪಟ್ಟಿ ಎಲ್ಲಿಯೂ ಇಲ್ಲ. ಟೋಕನ್ ಕುರಿತ ನಾಲ್ಕು ಹೊಗಳಿಕೆಯ ಸಾಲುಗಳಷ್ಟೇ ಇವೆ.

ತೆರಿಗೆಯ ವಿಷಯದಲ್ಲಿ ಆ್ಯಪ್‌ಗೆ ಪೂರ್ಣ ಅಂಕ ಕೊಡುತ್ತೇನೆ. ವರ್ಷದ ವರದಿ ಅಚ್ಚುಕಟ್ಟಾಗಿ ಬರುತ್ತದೆ, ಕಡಿತವಾದ ಟಿಡಿಎಸ್ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಸರಿಯಾಗಿ ಕಾಣುತ್ತದೆ, ರಿಟರ್ನ್‌ನಲ್ಲಿ ಕ್ರಿಪ್ಟೊಗೆಂದೇ ಇರುವ ವಿಡಿಎ ಷೆಡ್ಯೂಲ್ ತುಂಬಲು ಹತ್ತು ನಿಮಿಷ ಸಾಕು. ನೋವಿರುವುದು ಕಾನೂನಿನಲ್ಲೇ. ಎಫ್‌ಟಿಎಕ್ಸ್ ಎಂಬ ವಿದೇಶಿ ಕ್ರಿಪ್ಟೊ ವಿನಿಮಯ ಕಂಪನಿ ಮುಳುಗಿದ ಮೇಲೆ, 2023ರ ಜನವರಿಯಲ್ಲಿ, ನಾನು 8,000 ರೂಪಾಯಿಯ ಸೊಲಾನಾ ಎಂಬ ಕಾಯಿನ್ ಕೊಂಡಿದ್ದೆ. 2024ರ ಮಾರ್ಚ್‌ನಲ್ಲಿ ಅದು 62,000ಕ್ಕೆ ಹೋಯಿತು, ಲಾಭ 54,000. ಅದೇ ಆರ್ಥಿಕ ವರ್ಷದಲ್ಲಿ ಆಟದ ಟೋಕನ್‌ನಲ್ಲಿ ಹೋದದ್ದು 61,000. ಎರಡನ್ನೂ ಕೂಡಿಸಿದರೆ 7,000 ನಷ್ಟ ಎಂದು ಯಾವ ಕಿರಾಣಿ ಅಂಗಡಿಯವರಾದರೂ ಹೇಳುತ್ತಾರೆ. ಆದಾಯ ತೆರಿಗೆ ಕಾಯ್ದೆಯಲ್ಲಿ 2022ರ ಏಪ್ರಿಲ್‌ನಿಂದ ಜಾರಿಗೆ ಬಂದ 115ಬಿಬಿಎಚ್ ಕಲಮು ಹಾಗೆ ಕೂಡಿಸಲು ಬಿಡಲಿಲ್ಲ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ, ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ತೋರಿಸುವಂತಿಲ್ಲ. 54,000ದ ಮೇಲೆ ಶೇ. 30ರಂತೆ 16,200, ಅದರ ಮೇಲೆ ಶೇ. 4ರ ಸೆಸ್ 648, ಒಟ್ಟು 16,848. ಮುಂಚೆಯೇ ಕಡಿತವಾಗಿದ್ದ 710 ರೂಪಾಯಿ ಟಿಡಿಎಸ್ ಕಳೆದು 16,138 ಕಟ್ಟಿದೆ. ಏಳು ಸಾವಿರ ಕಳೆದುಕೊಂಡವನು ಹದಿನೇಳು ಸಾವಿರದ ಹತ್ತಿರ ತೆರಿಗೆ ಕಟ್ಟಿದ ಈ ಲೆಕ್ಕವನ್ನು ಹೆಂಡತಿಗೆ ವಿವರಿಸಲು ನನಗೆ ಇನ್ನೂ ಸಾಧ್ಯವಾಗಿಲ್ಲ. ಒಂದು ಕಾಯಿನ್ ಕೊಟ್ಟು ಇನ್ನೊಂದನ್ನು ಪಡೆದರೂ ಅದು ಮಾರಾಟವೇ, ರೂಪಾಯಿ ಕೈಗೆ ಬಾರದಿದ್ದರೂ ತೆರಿಗೆ ತಪ್ಪುವುದಿಲ್ಲ. ಹಾಗಾಗಿ ಇದರಿಂದ ಅದಕ್ಕೆ ಹಾರುತ್ತಾ ಹಲವು ಕಾಯಿನ್‌ಗಳಲ್ಲಿ ಹಣ ಹರಡುವ ಜಾಣತನ ನಮ್ಮ ದೇಶದಲ್ಲಿ ದುಬಾರಿಯೇ.

ಈಗ ಇಟ್ಟುಕೊಳ್ಳುವ ವಿಷಯ. ಆ್ಯಪ್‌ನಲ್ಲಿ ಕಾಣುವ ನಾಣ್ಯ ನಮ್ಮ ಬಳಿ ಇರುವುದಿಲ್ಲ. ಕಂಪನಿಯ ವ್ಯಾಲೆಟ್ ಎಂಬ ಡಿಜಿಟಲ್ ತಿಜೋರಿಯಲ್ಲಿ ಇರುತ್ತದೆ, ನಮ್ಮ ಪಾಲಿಗಿರುವುದು ಅವರ ಪುಸ್ತಕದಲ್ಲಿ ಒಂದು ಸಾಲು. 2024ರ ಜುಲೈ 18ರಂದು ಭಾರತದ ಕ್ರಿಪ್ಟೊ ವಿನಿಮಯ ಕಂಪನಿ ವಜೀರ್‌ಎಕ್ಸ್‌ನ ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಮೇಲೆ ಹೇಳಿದ ಅದೇ ಶಿಬಾ ಇನು. ಕ್ರಿಪ್ಟೊ ಹಿಂಪಡೆಯಲು ಗ್ರಾಹಕರು ವರ್ಷಕ್ಕೂ ಮೀರಿ ಕಾಯಬೇಕಾಯಿತು, ಪರಿಹಾರದ ಯೋಜನೆ ತೀರ್ಮಾನವಾದದ್ದು ಸಿಂಗಪುರದ ಹೈಕೋರ್ಟಿನಲ್ಲಿ. ನಮ್ಮ ಡಬ್ಬಿಯ ಒಬ್ಬರು ರೈಲಿನಲ್ಲಿ ನಿಂತುಕೊಂಡೇ ಆ ಯೋಜನೆಯ ಇಂಗ್ಲಿಷ್ ದಾಖಲೆಯನ್ನು ಫೋನಿನಲ್ಲಿ ಓದುತ್ತಿದ್ದುದನ್ನು ಕಂಡಿದ್ದೇನೆ. ಕೊಟ್ಟವ ಕೋಡಂಗಿ, ಈಸಿಕೊಂಡವ ಈರಭದ್ರ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ಇರುವ ವಿಮೆ ಇಲ್ಲಿಲ್ಲ, ಷೇರಿಗೆ ಇರುವ ಡಿಮ್ಯಾಟ್ ವ್ಯವಸ್ಥೆ ಇಲ್ಲ. 2023ರ ಮಾರ್ಚ್‌ನಿಂದ ಈ ಕಂಪನಿಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದು, ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕಾಗಿದೆ. ಆ ನೋಂದಣಿಯ ಮುದ್ರೆಯನ್ನು ಆ್ಯಪ್ ಹೆಮ್ಮೆಯಿಂದ ತೋರಿಸುತ್ತದೆ. ಅದು ಕಪ್ಪು ಹಣದ ಮೇಲಿನ ಕಾವಲೇ ಹೊರತು ನಮ್ಮ ಹಣದ ಮೇಲಿನದ್ದಲ್ಲ.

ನನ್ನದೇ ಅನುಭವ ಇದಕ್ಕಿಂತ ಸಣ್ಣದು. ಊರಿನ ತೇರಿಗೆಂದು ಕುಂದಾಪುರಕ್ಕೆ ಹೋಗಿದ್ದಾಗ, ನನ್ನ ಸಣ್ಣ ಕಾಯಿನ್‌ಗಳಲ್ಲಿ ಒಂದನ್ನು ಪಟ್ಟಿಯಿಂದ ತೆಗೆಯುತ್ತಿರುವುದಾಗಿ ಕಂಪನಿಯಿಂದ ಇಮೇಲ್ ಬಂತು. 14 ದಿನಗಳ ಗಡುವು. ನಾನು ನೋಡಿದ್ದು ಹನ್ನೊಂದನೆಯ ದಿನ. ಅಷ್ಟರಲ್ಲಿ ಕೊಳ್ಳುವವರು ಯಾರೂ ಉಳಿದಿರಲಿಲ್ಲ. ಉಳಿದ ದಾರಿ ಸ್ವಂತ ವ್ಯಾಲೆಟ್‌ಗೆ ವರ್ಗಾಯಿಸುವುದೊಂದೇ. ವ್ಯಾಲೆಟ್ ತೆರೆದು ಅದರ ಹನ್ನೆರಡು ಗುಪ್ತ ಪದಗಳನ್ನು ಪಂಚಾಂಗದ ಹಿಂದಿನ ಹಾಳೆಯಲ್ಲಿ ಬರೆದುಕೊಂಡು, ಕಾಯಿನ್ ಸಾಗಬೇಕಾದ ಜಾಲ, ಅಂದರೆ ನೆಟ್‌ವರ್ಕ್, ಯಾವುದೆಂದು ಎರಡೆರಡು ಸಲ ಪರೀಕ್ಷಿಸಿ (ತಪ್ಪು ನೆಟ್‌ವರ್ಕ್‌ಗೆ ಹೋದದ್ದು ಹೆಚ್ಚಿನ ಸಲ ಹಿಂದೆ ಬರುವುದಿಲ್ಲ) ಕಳುಹಿಸಲು ಹೊರಟರೆ, ವರ್ಗಾವಣೆಯ ಶುಲ್ಕವೇ ನನ್ನಲ್ಲಿದ್ದ ಕಾಯಿನ್‌ಗಳ ಮೂರನೇ ಒಂದು ಪಾಲಿಗಿಂತ ಹೆಚ್ಚು. ಕಳುಹಿಸಿದೆ. ಅವು ಈಗಲೂ ಆ ವ್ಯಾಲೆಟ್‌ನಲ್ಲಿವೆ, ಅಲ್ಲಿಂದ ಅಲುಗಿಸಲು ಮತ್ತೆ ಶುಲ್ಕವಾಗಿ ಈಥರ್ ಬೇಕು.

"ಅರ್ನ್" ಎಂಬ ವಿಭಾಗದ ಬಗ್ಗೆ ಒಂದೇ ಮಾತು. ಕಾಯಿನ್‌ಗಳನ್ನು ಬೀಗ ಹಾಕಿಟ್ಟರೆ ವರ್ಷಕ್ಕೆ ಶೇ. 12, 15 ಎಂದು ಬಡ್ಡಿ ತೋರಿಸುತ್ತಾರೆ. ಡಾಲರಿಗೆ ಸಮವೆಂದು ಹೇಳಲಾಗಿದ್ದ ಟೆರಾ ಎಂಬ ಕ್ರಿಪ್ಟೊ ಯೋಜನೆಯ ಯುಎಸ್‌ಟಿ ಟೋಕನ್‌ಗೆ ಶೇ. 20ರ ಹತ್ತಿರ ಬಡ್ಡಿ ಸಿಗುತ್ತಿತ್ತು. 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಅದೂ, ಅದಕ್ಕೆ ಆಧಾರವಾಗಿದ್ದ ಲೂನಾ ಕಾಯಿನ್ನೂ ನೆಲಕಚ್ಚಿದವು. ಒಂದು ತಿಂಗಳ ಹಿಂದೆ ನೂರು ಡಾಲರ್ ದಾಟಿದ್ದ ಲೂನಾ ಒಂದು ಸೆಂಟ್‌ಗಿಂತ ಕೆಳಗೆ ಬಂದಿತ್ತು. ಬಡ್ಡಿಯನ್ನು ಅದೇ ಕಾಯಿನ್‌ನಲ್ಲಿ ಕೊಡುವಾಗ, ಕಾಯಿನ್ ಶೇ. 80 ಇಳಿದರೆ ಶೇ. 15ರ ಬಡ್ಡಿಗೆ ಏನು ಅರ್ಥ?

ಐದರಲ್ಲಿ ಎರಡು ನಕ್ಷತ್ರ ಕೊಟ್ಟಿದ್ದೇನೆ, ಅವೆರಡೂ ಖಾತೆ ತೆರೆಯುವ ಸರಾಗಕ್ಕೆ ಮತ್ತು ತೆರಿಗೆ ವರದಿಗೆ. ಬಿಟ್‌ಕಾಯಿನ್ ಅಥವಾ ಈಥರ್ ಅನ್ನು, ಹೋದರೂ ಸಂಸಾರ ನಡೆಯುವಷ್ಟು ಹಣಕ್ಕೆ, ಕೊಂಡು ಕೂಡಲೇ ಸ್ವಂತ ವ್ಯಾಲೆಟ್‌ಗೆ ಒಯ್ಯುವವರಿಗೆ ಈ ಆ್ಯಪ್ ಸಾಕು. ಪಟ್ಟಿಯಲ್ಲಿರುವ ಉಳಿದ ನೂರಾರು ಕಾಯಿನ್‌ಗಳಿಗೆ ಇದು ಸೂಕ್ತವಲ್ಲ. ನನ್ನ ಅಕ್ಕನ ಮಗ ಈಗ ಮ್ಯೂಚುವಲ್ ಫಂಡ್‌ನ ಎಸ್‌ಐಪಿ ಮಾಡುತ್ತಿದ್ದಾನೆ, ಕ್ರಿಪ್ಟೊ ಮಾತು ತೆಗೆದರೆ ಚಾರ್ಜರ್ ಹುಡುಕಲು ಒಳಗೆ ಹೋಗುತ್ತಾನೆ.

ಈಥರ್ ಅನ್ನು ಹೊರಗೆ ಒಯ್ದು, ಉಳಿದವನ್ನು ಮಾರಿ, ಖಾತೆ ಮುಚ್ಚಲು ಹೊರಟಾಗ 43 ರೂಪಾಯಿಯ ಒಂದು ಕಾಯಿನ್ ಉಳಿಯಿತು. ಮಾರಾಟಕ್ಕೆ ಕನಿಷ್ಠ 100 ರೂಪಾಯಿ ಇರಬೇಕಂತೆ, ಖಾತೆ ಮುಚ್ಚಲು ಬಾಕಿ ಸೊನ್ನೆ ಇರಬೇಕಂತೆ. ಗ್ರಾಹಕ ಸೇವೆಗೆ ಬರೆದೆ. ನಾಲ್ಕು ದಿನದ ನಂತರ ಉತ್ತರ ಬಂತು: ಅದೇ ಕಾಯಿನ್ ಅನ್ನು ಇನ್ನೂ 100 ರೂಪಾಯಿಯಷ್ಟು ಕೊಂಡರೆ ಎಲ್ಲವನ್ನೂ ಸೇರಿಸಿ ಒಟ್ಟಿಗೆ ಮಾರಬಹುದು.