ಹಳತಾದ ಪ್ಯಾಕೇಜ್‌ಗಳಿಗೆ ಯಾವುದು ಮೇಲು: ಶೆಲ್ ಸ್ಕ್ರಿಪ್ಟ್, ಎನ್‌ಸಿಯು, ಡಿಪೆಂಡಾಬಾಟ್?

ಪ್ರಾಜೆಕ್ಟ್ ನೆಚ್ಚಿಕೊಂಡಿರುವ ಪ್ಯಾಕೇಜ್‌ಗಳನ್ನು, ಅಂದರೆ ಬೇರೆಯವರು ಬರೆದ ಕೋಡ್ ಕಟ್ಟುಗಳನ್ನು, ಹೊಸ ಆವೃತ್ತಿಗೆ ಏರಿಸಲು ಈ ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಶೆಲ್ ಸ್ಕ್ರಿಪ್ಟಿಗೆ, ಅಂದರೆ ಟರ್ಮಿನಲ್ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲಿಗೆ. ಅಪ್‌ಡೇಟ್ ಮಾಡಿದ ಮೇಲೆ ಏನಾದರೂ ಕೆಟ್ಟರೆ, ಯಾವ ಪ್ಯಾಕೇಜಿನಿಂದ ಕೆಟ್ಟಿತು ಅನ್ನೋದು ಆಗಲೇ ಗೊತ್ತಾಗಬೇಕು. ನನಗೆ ಮುಖ್ಯವಾದದ್ದು ಅದೇ.

ಎನ್‌ಸಿಯು, ಅಂದರೆ ಎನ್‌ಪಿಎಂ-ಚೆಕ್-ಅಪ್‌ಡೇಟ್ಸ್, ತುಂಬಾ ವೇಗ (ಎನ್‌ಪಿಎಂ ಅನ್ನೋದು ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ನಿರ್ವಹಿಸುವ ಉಪಕರಣ). ಯು ಫ್ಲ್ಯಾಗ್ ಕೊಟ್ಟರೆ ಪ್ಯಾಕೇಜ್‌ಗಳ ಪಟ್ಟಿಯ ಫೈಲ್ ಆದ ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿರುವ ಎಲ್ಲವೂ ಒಂದೇ ಏಟಿಗೆ ಲೇಟೆಸ್ಟ್‌ಗೆ ಏರುತ್ತದೆ, ಹಳೆಯ ಕೋಡ್ ಕೆಡಬಹುದಾದ ಮೇಜರ್ ಆವೃತ್ತಿಯ ಗಡಿಯನ್ನೂ ದಾಟಿ. ಆಮೇಲೆ ಟೆಸ್ಟ್ ಬಿದ್ದರೆ ಹುಡುಕಾಟ ಶುರು. ಒಂದೊಂದಾಗಿ ಪರೀಕ್ಷಿಸುವ ಡಾಕ್ಟರ್ ಮೋಡ್ ಇದೆ, ಚೆನ್ನಾಗಿಯೂ ಇದೆ. ಆದರೆ ಪಕ್ಕದಲ್ಲಿ ಪೈಥಾನ್ ಕೋಡ್ ಇದ್ದರೆ ಅದಕ್ಕೆ ಬೇರೆ ವ್ಯವಸ್ಥೆ ಬೇಕೇ ಬೇಕು.

ಸ್ಕ್ರಿಪ್ಟಿನಲ್ಲಿ ನಾನು ಮಾಡಿಕೊಂಡಿರೋದು ಇಷ್ಟು: ಹಳತಾದವನ್ನು ಪಟ್ಟಿ ಮಾಡುವ ಎನ್‌ಪಿಎಂ ಔಟ್‌ಡೇಟೆಡ್‌ನ ಜೇಸನ್ ಔಟ್‌ಪುಟ್ಟನ್ನು, ಜೇಸನ್ ಓದುವ ಉಪಕರಣ ಜೆಕ್ಯೂಗೆ ಕೊಟ್ಟು ಹೆಸರುಗಳನ್ನು ತೆಗೆಯುವುದು, ಒಂದು ಪ್ಯಾಕೇಜನ್ನು 'ವಾಂಟೆಡ್' ಆವೃತ್ತಿಗೆ (ಪ್ಯಾಕೇಜ್ ಡಾಟ್ ಜೇಸನ್ ಒಪ್ಪುವ ಅತಿ ಹೊಸದಕ್ಕೆ) ಏರಿಸುವುದು, ಟೆಸ್ಟ್ ಓಡಿಸುವುದು. ಪಾಸಾದರೆ ಅದರ ಹೆಸರಲ್ಲೇ ಕಮಿಟ್. ಫೇಲಾದರೆ ಪ್ಯಾಕೇಜ್ ಫೈಲ್, ನಿಖರ ಆವೃತ್ತಿಗಳನ್ನು ಬರೆದಿಡುವ ಲಾಕ್ ಫೈಲ್ ಎರಡನ್ನೂ ಗಿಟ್‌ನಿಂದ ಹಿಂದಕ್ಕೆ ತಂದು, ಲಾಕ್ ಫೈಲಿನಂತೆ ಮತ್ತೆ ಇನ್‌ಸ್ಟಾಲ್ ಮಾಡುವ ಎನ್‌ಪಿಎಂ ಸಿಐ ಓಡಿಸಬೇಕು. ಈ ಕೊನೆಯ ಹೆಜ್ಜೆ ಬಿಡುವ ಹಾಗಿಲ್ಲ. ಬಿಟ್ಟರೆ ಫೈಲುಗಳಲ್ಲಿ ಹಳೆಯ ಆವೃತ್ತಿ, ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಹೊಸದು; ಮುಂದಿನ ಟೆಸ್ಟುಗಳ ಫಲಿತಾಂಶ ನಂಬುವಂತಿಲ್ಲ.

ಇನ್ನೊಂದು ಬಲೆ ಇದೆ. ಹಳೆಯ ಪ್ಯಾಕೇಜ್ ಒಂದಾದರೂ ಸಿಕ್ಕರೆ ಎನ್‌ಪಿಎಂ ಔಟ್‌ಡೇಟೆಡ್ 1 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ (0 ಅಂದರೆ ಯಶಸ್ಸು, ಬೇರೆ ಏನಿದ್ದರೂ ವಿಫಲ). ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ, ಕಮಾಂಡ್ ವಿಫಲವಾದರೆ ನಿಲ್ಲು ಎನ್ನುವ ಸೆಟ್ -ಇ ಹಾಕಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ, ಕೆಲಸ ಶುರುವಾಗಬೇಕಾದ ಜಾಗದಲ್ಲೇ! ಕಮಾಂಡಿನ ಕೊನೆಗೆ, ವಿಫಲವಾದರೂ ಯಶಸ್ಸೆಂದೇ ತೋರಿಸುವ 'ಆರ್ ಟ್ರೂ' (|| true) ಸೇರಿಸೋದು ಎಲ್ಲರೂ ಹೇಳುವ ಉಪಾಯ. ಆದರೆ ಆಗ ನೆಟ್‌ವರ್ಕ್ ಬಿದ್ದದ್ದೂ ಮುಚ್ಚಿಹೋಗುತ್ತದೆ. ಅದಕ್ಕೇ ಬಂದ ಜೇಸನ್‌ನಲ್ಲಿ ಎರರ್ ಇದೆಯೇ ಎಂದು ನೋಡಿಯೇ ಮುಂದೆ ಹೋಗಬೇಕು.

ಪೈಥಾನ್ ಪ್ಯಾಕೇಜ್‌ಗಳನ್ನು ನಿರ್ವಹಿಸುವ ಪಿಪ್ ಇದಕ್ಕೆ ತದ್ವಿರುದ್ಧ. ಎಷ್ಟೇ ಹಳತಿದ್ದರೂ ಅದರ ಔಟ್‌ಡೇಟೆಡ್ ಪಟ್ಟಿ 0 ಎಂದೇ ಮುಗಿಯುತ್ತದೆ. ಆ ಪಟ್ಟಿಯನ್ನು ಫ್ರೀಜ್ ಫಾರ್ಮ್ಯಾಟಿನಲ್ಲಿ (ಹೆಸರು==ಆವೃತ್ತಿ) ಪಡೆದು, ಹೆಸರುಗಳನ್ನು ಕತ್ತರಿಸಿ, ಅವನ್ನು ಇನ್‌ಸ್ಟಾಲ್ ಕಮಾಂಡಿಗೆ ದಾಟಿಸುವ ಎಕ್ಸ್‌ಆರ್ಗ್ಸ್‌ಗೆ ಕೊಡುವ ಹಳೆಯ ಒಂದು ಸಾಲಿನ ಸೂತ್ರ ಪಿಪ್ 22.3ರಿಂದ ನಡೆಯುವುದಿಲ್ಲ, ಜೇಸನ್ನೇ ಗತಿ. ಪ್ರತಿ ಏರಿಕೆಯ ನಂತರ ಪಿಪ್ ಚೆಕ್ ಓಡಿಸಿ: ಪ್ಯಾಕೇಜ್‌ಗಳ ನಡುವೆ ಆವೃತ್ತಿ ತಾಳೆಯಾಗದಿದ್ದರೆ ಅದು ಹೆಸರು ಹಿಡಿದು ಹೇಳುತ್ತದೆ.

ಗಿಟ್‌ಹಬ್‌ನ ಬಾಟ್ ಆದ ಡಿಪೆಂಡಾಬಾಟ್‌ಗೆ ನೆನಪಿಸುವ ಕೆಲಸವೇ ಬೇಡ, ತಾನಾಗಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸುವ ಕೋರಿಕೆ) ತೆರೆಯುತ್ತದೆ. ಬೇರೆ ಸೆಟ್ಟಿಂಗ್ ಕೊಡದಿದ್ದರೆ ಆವೃತ್ತಿ ಅಪ್‌ಡೇಟ್‌ಗಳಿಗೆ ಒಮ್ಮೆಗೆ 5 ಮಾತ್ರ. ನೋಡುವವರಿಲ್ಲದ ರೆಪೊದಲ್ಲಿ ಆ 5 ಹಾಗೇ ಕೊಳೆಯುತ್ತವೆ, ಹೊಸವು ಬರುವುದೂ ಇಲ್ಲ. ದೊಡ್ಡ ತಂಡಕ್ಕೆ ಇದೇ ಸರಿ, ಏಕೆಂದರೆ ಪ್ರತಿ ಬದಲಾವಣೆಯೂ ರಿವ್ಯೂಗೆ ಬರುತ್ತದೆ. ನಾನು ಇದರ ಸೆಕ್ಯುರಿಟಿ ಅಲರ್ಟ್‌ಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ. 2021ರ ಲಾಗ್4ಶೆಲ್‌ನಂಥ ಗಂಭೀರ ಭದ್ರತಾ ದೋಷ ಬಂದಾಗ ಸ್ಕ್ರಿಪ್ಟ್ ಓಡಿಸುವ ದಿನಕ್ಕೆ ಕಾಯಲಾಗದು.